ಹಂಪಿ ನೋಡಿದವರಿಗೆ ಬಾಸ್ಟನ್ ಸುತ್ತ ನೋಡೋಕೆ ಏನಿದೆ?

ಕೆಲಸದ ಮೇಲೆ ಬಾಸ್ಟನ್‌ಗೆ ಹೊರಟಿದ್ದೀರಿ, ಹಂಪಿ ಬೇಲೂರು ನೋಡಿದವರಿಗೆ ಅಲ್ಲಿ ಹಳೆಯದು ಅಂತ ಏನಾದರೂ ಇದೆಯಾ ಎಂದು ಕೇಳಿದ್ದೀರಿ. ಇದೆ. ಆದರೆ ಗೋಪುರ, ಶಿಲ್ಪ ಹುಡುಕಿಕೊಂಡು ಹೋದರೆ ಬೇಜಾರಾಗುತ್ತದೆ. ಊರಿನ ಐತಿಹಾಸಿಕ ಜಾಗಗಳನ್ನು ಜೋಡಿಸುವ ನಡಿಗೆ ದಾರಿ ಫ್ರೀಡಂ ಟ್ರೈಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದು ಒಂದೇ ದಿನದಲ್ಲಿ ಮುಗಿಯುತ್ತದೆ. ನಾನು ಇಲ್ಲಿ ಇರುವವನಾಗಿ ಹೇಳೋದಾದರೆ, ಮೊದಲು ಹತ್ತಿರದ ಯಾವುದಾದರೂ ಕಾಡಿಗೆ ಹೋಗಿ.

ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ಕಡೆ ಕಾಡಿನಲ್ಲಿ ನಡೆಯುವಾಗ ಮರಗಳ ನಡುವೆ ಸೊಂಟದೆತ್ತರದ ಕಲ್ಲಿನ ಗೋಡೆಗಳು ಸಿಗುತ್ತವೆ. ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ನಟ್ಟನಡು ಕಾಡಿನಲ್ಲಿ ಯಾರಾದರೂ ಗೋಡೆ ಕಟ್ಟುತ್ತಾರಾ? ಕಟ್ಟಿದಾಗ ಅಲ್ಲಿ ಕಾಡೇ ಇರಲಿಲ್ಲ. ಚಳಿಗಾಲದ ಹಿಮಕ್ಕೆ ನೆಲದೊಳಗಿನ ಕಲ್ಲುಗಳು ಪ್ರತಿ ವರ್ಷ ಮೇಲೆ ಬರುತ್ತವೆ, ರೈತರು ಅವನ್ನು ಆರಿಸಿ ಹೊಲದ ಅಂಚಿಗೆ ಹಾಕಿದರು. 1810ರ ನಂತರ ನಯವಾದ ಉಣ್ಣೆಯ ಮೆರಿನೊ ಕುರಿಯ ಹುಚ್ಚು ಹಿಡಿದು ಗುಡ್ಡಗಳನ್ನೆಲ್ಲ ಬೋಳಿಸಿ ಹುಲ್ಲುಗಾವಲು ಮಾಡಿದರು. ಆಮೇಲೆ 1825ರಲ್ಲಿ ಪಶ್ಚಿಮದಿಂದ ಸರಕು ತರುವ ಈರಿ ಕಾಲುವೆ ತೆರೆಯಿತು, ಪಶ್ಚಿಮದ ಅಗ್ಗದ ಧಾನ್ಯ ಬಂತು, ಜನ ಒಹಾಯೊ ಕಡೆಯ ಒಳ್ಳೆ ಮಣ್ಣು ಹುಡುಕಿಕೊಂಡು ಹೊರಟರು, ಬಿಟ್ಟ ಹೊಲದಲ್ಲಿ ಪೈನ್ ಮರ ಬೆಳೆಯಿತು. ಗೋಡೆಯ ಹತ್ತಿರ ಬಗ್ಗಿ ನೋಡಿ. ಮುಷ್ಟಿಯಷ್ಟು ಸಣ್ಣ ಕಲ್ಲು ಜಾಸ್ತಿ ಇದ್ದರೆ ಪಕ್ಕದಲ್ಲಿ ಉಳುಮೆ ನಡೆದಿತ್ತು ಅಂತ ಲೆಕ್ಕ, ಬರೀ ದಪ್ಪ ಕಲ್ಲಿದ್ದರೆ ಬಹುಶಃ ಕುರಿ, ದನ ಮೇಯುತ್ತಿದ್ದ ಜಾಗ. ಉಳುವವನು ಮಾತ್ರ ತಾನೇ ಸಣ್ಣ ಕಲ್ಲನ್ನೂ ಬಿಡದೆ ಆರಿಸೋದು?

ಇಂಥ ರೈತರ ಮನೆಗಳ ಹೆಣ್ಣುಮಕ್ಕಳು ಎಲ್ಲಿಗೆ ಹೋದರು ಅಂತ ತಿಳಿಯಬೇಕಾದರೆ ಲೋವೆಲ್‌ಗೆ ಹೋಗಿ. ಬಾಸ್ಟನ್‌ನಿಂದ ರೈಲಿದೆ. ಮೆರಿಮ್ಯಾಕ್ ನದಿಯ ನೀರನ್ನು ಕಾಲುವೆಗೆ ತಿರುಗಿಸಿ ಹತ್ತಿ ಗಿರಣಿ ನಡೆಸಿದ ಊರು ಅದು. ಬೂಟ್ ಮಿಲ್‌ನ ಇಟ್ಟಿಗೆ ಕಟ್ಟಡ ಉದ್ದಕ್ಕೆ, ಅಗಲ ಕಮ್ಮಿ, ಸಾಲುಸಾಲು ಕಿಟಕಿ. ಬೆಳಕಿಗೆ ಅಷ್ಟೊಂದು ಕಿಟಕಿ ಇಟ್ಟರು, ಆದರೆ ತೆರೆಯಲು ಬಿಡುತ್ತಿರಲಿಲ್ಲ, ಗಾಳಿ ಒಣಗಿದರೆ ನೂಲು ತುಂಡಾಗುತ್ತದಲ್ಲ. ಗೋಪುರದ ಗಂಟೆಯನ್ನೂ ಗಮನಿಸಿ. 1853ರ ಒಂದು ವೇಳಾಪಟ್ಟಿ ಉಳಿದಿದೆ, ಅದರಲ್ಲಿ ಬೇಸಿಗೆಗೆ ಮೊದಲ ಗಂಟೆ ಬೆಳಗಿನ ಜಾವ ನಾಲ್ಕೂವರೆಗೆ! ಇದೇ ಹುಡುಗಿಯರು ಕೂಲಿ ಕಡಿತದ ವಿರುದ್ಧ 1834ರಲ್ಲಿ ಕೆಲಸ ಬಿಟ್ಟು ಬೀದಿಗೆ ಬಂದಿದ್ದರು. ಈಗ ಅಲ್ಲಿ ಮ್ಯೂಸಿಯಂ ಇದೆ, ಒಂದು ಹಾಲ್‌ನಲ್ಲಿ ಹಳೆ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ, ಕಿವಿಗೆ ಹತ್ತಿ ಇಟ್ಟುಕೊಂಡೇ ಒಳಗೆ ಹೋಗಿ.

ನಮಗೆ ಸಂಬಂಧಪಟ್ಟದ್ದೂ ಒಂದಿದೆ. ಈ ಗಿರಣಿಗಳಿಗೂ ಮೊದಲು ಬಾಸ್ಟನ್ ಪಕ್ಕದ ಸೇಲಂ (ತಮಿಳುನಾಡಿನದ್ದಲ್ಲ) ಬಂದರಿಗೆ ಭಾರತದ ಹತ್ತಿ ಬಟ್ಟೆ ಹಡಗಿನಲ್ಲಿ ಬರುತ್ತಿತ್ತು. 1816ರ ಅಮೆರಿಕದ ಸುಂಕದ ಕಾನೂನು ಚದರ ಗಜಕ್ಕೆ 25 ಸೆಂಟ್‌ಗಿಂತ ಅಗ್ಗದ ಬಟ್ಟೆಯನ್ನೂ 25 ಸೆಂಟ್ ಬೆಲೆಯದ್ದು ಅಂತಲೇ ಎಣಿಸಿ ಸುಂಕ ಹಾಕಿತು. ಅಗ್ಗವೇ ಜೀವಾಳವಾಗಿದ್ದ ನಮ್ಮ ಬಟ್ಟೆ ಹೊರಬಿತ್ತು. ಆ ಕಾನೂನಿಗಾಗಿ ಓಡಾಡಿದವನು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್, ಊರಿಗೆ ಅವನದೇ ಹೆಸರು. ಇನ್ನು ಗಿರಣಿಗೆ ಹತ್ತಿ ಬರುತ್ತಿದ್ದದ್ದು ದಕ್ಷಿಣದ ಗುಲಾಮರ ಕೈಯಿಂದ, ಇಲ್ಲಿ ನೇಯ್ದ ಒರಟು ಬಟ್ಟೆ ವಾಪಸ್ ಹೋಗುತ್ತಿದ್ದದ್ದೂ ಗುಲಾಮರ ಮೈಗೆ. ಉತ್ತರದವರು ಕೈ ತೊಳೆದುಕೊಂಡವರು ಅಂತ ನಂಬಿದ್ದರೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಕೊನೆಗೆ ಬಾಡಿಗೆ ಮನೆ. ಮೂರು ಮಹಡಿ, ಮಹಡಿಗೊಂದು ಸಂಸಾರ, ಮರದ ವರಾಂಡಾ ಇರುವ ಮನೆಗಳು ಬಾಸ್ಟನ್‌ನ ಡಾರ್ಚೆಸ್ಟರ್ ಬಡಾವಣೆ, ವೂಸ್ಟರ್ ಊರಿನಲ್ಲಿ ಬೀದಿತುಂಬ ಕಾಣುತ್ತವೆ, ಟ್ರಿಪಲ್ ಡೆಕ್ಕರ್ ಅಂತಾರೆ. 1880ರಿಂದ 1930ರ ಒಳಗೆ ವಲಸೆ ಬಂದ ಕಾರ್ಮಿಕರಿಗಾಗಿ ಎದ್ದವು. ಒಂದರಲ್ಲಿ ಮಾಲೀಕ ಇದ್ದು ಎರಡನ್ನು ಬಾಡಿಗೆಗೆ ಕೊಟ್ಟು ಸಾಲ ತೀರಿಸುತ್ತಿದ್ದ, ನಮ್ಮ ಬೆಂಗಳೂರಿನ ಓನರ್‌ಗಳ ಲೆಕ್ಕಾಚಾರವೇ! ಅಂಥ ಮನೆ ಸಿಕ್ಕರೆ ಮೇಲಿನ ಮಹಡಿ ಕೇಳಿ, ಮರದ ನೆಲದ ಸದ್ದು ಜಾಸ್ತಿ, ಅಲ್ಲಾದರೆ ತಲೆಯ ಮೇಲೆ ಯಾರೂ ನಡೆಯೋದಿಲ್ಲ.