32ನೇ ವಯಸ್ಸಿನಲ್ಲಿ ನರ್ಸಿಂಗ್ ಸೇರಬಹುದೇ?

ಪ್ರಶ್ನೆ: ನನಗೆ 32 ವರ್ಷ. ಪಿಯುಸಿಯಲ್ಲೂ ಕಾಮರ್ಸ್, ಆಮೇಲೆ ಬಿ.ಕಾಂ. ದಾವಣಗೆರೆಯ ಫೈನಾನ್ಸ್ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಳೆದ ವರ್ಷ ಮಾವನವರಿಗೆ ಲಕ್ವ ಹೊಡೆದಾಗ ನಾಲ್ಕು ತಿಂಗಳು ನಾನೇ ನೋಡಿಕೊಂಡೆ. ಅವರು ಎದ್ದು ಓಡಾಡುವಂತಾದ ಮೇಲೆ ನರ್ಸ್ ಆಗಬೇಕೆಂಬ ಆಸೆ ನನ್ನನ್ನು ಬಿಡುತ್ತಿಲ್ಲ. ಗಂಡ ‘ನಿನ್ನಿಷ್ಟ’ ಅಂತಾರೆ. ಅತ್ತೆ, ‘ಕಂಡವರ ಹೇಸಿಗೆ ಬಳಿಯೋಕೆ ಬಿ.ಕಾಂ. ಓದಬೇಕಿತ್ತಾ’ ಅಂತಾರೆ. ಆರು ವರ್ಷದ ಮಗಳಿದ್ದಾಳೆ. ಕಾಲೇಜಿಗೆ ಹೋಗದೆಯೇ ಸರ್ಟಿಫಿಕೇಟ್ ಕೊಡಿಸುತ್ತೇನೆಂದು ಏಜೆಂಟರೊಬ್ಬರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಏಜೆಂಟರ ನಂಬರ್ ಅಳಿಸಿಹಾಕಿ. ಒಂದು ಮಿ.ಲೀ.ಗೆ 100 ಯೂನಿಟ್ ಇರುವ ಇನ್ಸುಲಿನ್ನನ್ನು, ಮಿ.ಲೀ.ಗೆ 40 ಯೂನಿಟ್ ಇರುವುದಕ್ಕೆಂದು ಗೆರೆ ಹಾಕಿದ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಅದು ವಾರ್ಡಿನಲ್ಲಿ ಸೀನಿಯರ್ ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿಯಬೇಕಾದ ಪಾಠ. ಹಾಜರಾತಿ ಕೊಂಡುಕೊಂಡವರ ಕೈಗೆ ನಿಮ್ಮ ಮಾವನವರನ್ನು ಒಪ್ಪಿಸುತ್ತಿದ್ದಿರಾ?

ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು; ನಿಮಗೆ ಆ ದಾರಿಯಿಲ್ಲ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಯಾವ ವಿಭಾಗದ ಪಿಯುಸಿಯಾದರೂ ಆಗುತ್ತದೆ. ಇಂಗ್ಲಿಷ್ ಇರಬೇಕು, 40 ಶೇಕಡಾ ಅಂಕ ಇರಬೇಕು. ಅದನ್ನು ಮುಗಿಸಿ ನರ್ಸ್ ಆಗಿ ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ಆದರೆ ಜಿಎನ್‌ಎಂ ಪ್ರವೇಶಕ್ಕೆ 35ರ ವಯೋಮಿತಿಯಿದೆ, ಹಾಗಾಗಿ ‘ಮಗಳು ದೊಡ್ಡವಳಾಗಲಿ’ ಎಂದು ಕಾಯುವಷ್ಟು ಸಮಯ ನಿಮಗಿಲ್ಲ. ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂಬುದನ್ನು ಖುದ್ದಾಗಿ ಹೋಗಿ ನೋಡಿ.

ಇನ್ನು ಆಸೆಯ ವಿಷಯ. ಅದು ನಿಜವಾದದ್ದೇ ಎಂದು ನನಗನಿಸುತ್ತದೆ. ಆದರೆ ಮಾವನವರು ನಿಮ್ಮವರು, ಒಬ್ಬರೇ ಇದ್ದರು, ಗುಣವಾದರು. ವಾರ್ಡಿನಲ್ಲಿ ಹತ್ತಾರು ಜನ, ಸಿಡುಕುವವರು, ಬೈಯುವವರು, ನೀವು ಎಷ್ಟು ಮಾಡಿದರೂ ಉಳಿಯದವರು. ರಾತ್ರಿ ಪಾಳಿ ತಪ್ಪದು. ಕೆಲಸಕ್ಕೆ ರಾಜೀನಾಮೆ ಕೊಡುವ ಮುನ್ನ, ಮಾವನವರನ್ನು ನೋಡಿಕೊಂಡ ಸಿಸ್ಟರ್‌ಗಳಲ್ಲಿ ಒಬ್ಬರ ಜೊತೆ ಕೂತು ಅವರ ಡ್ಯೂಟಿ, ಸಂಬಳ, ಬೆನ್ನುನೋವು ಎಲ್ಲವನ್ನೂ ಕೇಳಿ. ಖಾಸಗಿ ಆಸ್ಪತ್ರೆಯಲ್ಲಿ ಆರಂಭದ ಸಂಬಳ ನಿಮ್ಮ ಈಗಿನದಕ್ಕಿಂತ ಕಡಿಮೆಯಿರಬಹುದು. ಲೆಕ್ಕದ ಶಿಸ್ತು ಮಾತ್ರ ಖಂಡಿತ ಕೈಹಿಡಿಯುತ್ತದೆ: ಡ್ರಿಪ್ಪಿನ ಹನಿ ಎಣಿಸುವುದು, ರೋಗಿಗೆ ಹೋದ ನೀರು, ಬಂದ ಮೂತ್ರ ಬರೆದಿಡುವುದು ಎಲ್ಲವೂ ಲೆಕ್ಕವೇ.

ನನಗೆ ಅತ್ತೆಯವರ ಮಾತಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮವರ ‘ನಿನ್ನಿಷ್ಟ’. ಅದು ಒಪ್ಪಿಗೆಯಲ್ಲ. ಮೂರು ವರ್ಷ ಒಂದೇ ಸಂಬಳದಲ್ಲಿ ಮನೆ ನಡೆಯುತ್ತದೆಯೇ, ನಿಮಗೆ ರಾತ್ರಿ ಪಾಳಿಯಿದ್ದಾಗ ಬೆಳಿಗ್ಗೆ ಮಗಳ ಡಬ್ಬಿ ಕಟ್ಟುವವರು ಯಾರು ಎಂದು ಅವರು ಬಾಯಿಬಿಟ್ಟು ಹೇಳಬೇಕು. ಹಾಗೆಯೇ ಅತ್ತೆಗೆ, ‘ಮಾವನವರಿಗೆ ಮಾಡುವಾಗ ಹೇಸಿಗೆ ಅನಿಸಲಿಲ್ಲವಾ’ ಎಂದು ಎದುರುತ್ತರ ಕೊಡಬೇಡಿ, ನ್ಯಾಯ ನಿಮ್ಮ ಕಡೆಯಿದ್ದರೂ. ಮೊಮ್ಮಗಳ ಹೊಣೆಯೆಲ್ಲ ತನ್ನ ಮೇಲೆ ಬೀಳುತ್ತದೆ ಎಂಬ ಭಯ ಅವರಿಗಿರಬಹುದು. ನೇರವಾಗಿ ಕೇಳಿ. ಆ ಮಾತಿಗೆ ಮಾವನವರನ್ನೂ ಕೂರಿಸಿಕೊಳ್ಳಿ. ನಿಮ್ಮ ಕೈಗುಣ ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.