ಪ್ರಧಾನಿಗೆ ಎಷ್ಟು ವಯಸ್ಸಾಗಿರಬೇಕು?

ಪ್ರಶ್ನೆ: ನಮಗೆಲ್ಲ 60ಕ್ಕೆ ನಿವೃತ್ತಿ, ರಾಷ್ಟ್ರನಾಯಕರಿಗೇಕೆ ಇಲ್ಲ? ಅವರಿಗೆ ತಕ್ಕ ವಯಸ್ಸು ಯಾವುದು?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಮಾಸ್ತರರೇ, ನಮ್ಮ ಸಂವಿಧಾನವು ಲೋಕಸಭೆಗೆ 25, ರಾಜ್ಯಸಭೆಗೆ 30, ರಾಷ್ಟ್ರಪತಿ ಹುದ್ದೆಗೆ 35 ವರ್ಷಗಳ ಕನಿಷ್ಠ ಮಿತಿಯನ್ನು ಹೇಳಿದೆಯೇ ಹೊರತು ಗರಿಷ್ಠ ಮಿತಿಯನ್ನು ಹೇಳಿಲ್ಲ. 1977ರಲ್ಲಿ ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾದಾಗ ಅವರಿಗೆ 81 ವರ್ಷ. 1984ರಲ್ಲಿ ರಾಜೀವ್ ಗಾಂಧಿಯವರಿಗೆ ಬರೀ 40. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಎಸ್.ಆರ್. ಬೊಮ್ಮಾಯಿಯವರು 1988ರಲ್ಲಿ ಮುಖ್ಯಮಂತ್ರಿಯಾದದ್ದೇ 64ರಲ್ಲಿ. ನಿಮ್ಮ ಲೆಕ್ಕ ಹಿಡಿದರೆ ಅವರು ಆ ಹೊತ್ತಿಗೆ ಪಿಂಚಣಿ ಎಣಿಸುತ್ತಿರಬೇಕಿತ್ತು! ನನ್ನನ್ನು ಕೇಳಿದರೆ 50ರಿಂದ 65 ತಕ್ಕ ಕಾಲ: ಸೋಲನ್ನೂ ಕಂಡಿರುವ, ಆದರೆ ಏಪ್ರಿಲ್ ಬಿಸಿಲಿನಲ್ಲಿ ನೆಹರೂ ಮೈದಾನದ ಸಭೆ ಮುಗಿಸಿ ರಾತ್ರಿ ಕಡತ ಬಿಚ್ಚಿ ಕೂಡುವಷ್ಟು ಕಸುವು ಇನ್ನೂ ಉಳಿದಿರುವ ವಯಸ್ಸು ಅದು.