“ನಾ ಜೀವಂತ ಅದೀನಿ ಅಂತ ನೀ ಹೇಳಾಕಿ ಏನ?”

ಇವರನ್ನು ಸುನಂದಾ ಅನ್ನೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಲವತ್ತರ ಆಸುಪಾಸು, ಬ್ಯಾಂಕ್ ನೌಕರಿ. ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು, ಮುಧೋಳ ಕಡೆ ಒಬ್ಬರೇ ಇರುವ ತಂದೆಯ ಜೊತೆ ಫೋನಿನಲ್ಲಿ ದಿನಾ ಜಗಳ ಆಗುತ್ತದೆ ಅಂತ. ಆದರೆ ಹೇಳಿದ್ದೆಲ್ಲ ಒಂದು ಬಸ್ಸಿನ ಕಥೆ.

2025ರ ನವೆಂಬರ್. ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದರು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ. ಅಜ್ಜ ಪೋಸ್ಟ್‌ಮನ್ ಆಗಿ ನಿವೃತ್ತರಾದವರು. ಪಿಂಚಣಿ ನಿಲ್ಲಬಾರದು ಅಂದರೆ ನವೆಂಬರಿನಲ್ಲಿ, ಬದುಕಿದ್ದೇನೆ ಅಂತ ತೋರಿಸುವ ಜೀವನ ಪ್ರಮಾಣಪತ್ರ ಕೊಡಬೇಕು. ಅದಕ್ಕೇ ಹೋಗಿದ್ದರು. ಹೆಬ್ಬೆರಳನ್ನು ಧೋತರಕ್ಕೆ ಉಜ್ಜಿ ಉಜ್ಜಿ ಒತ್ತಿದರೂ ಯಂತ್ರ ಒಪ್ಪಲಿಲ್ಲ. “ನಾಳೆ ಬರ್ರಿ” ಅಂದರಂತೆ.

ಅಜ್ಜಿಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ ಆಯಿತು. ಅಜ್ಜ ಐನೂರರ ನೋಟು ಚಾಚಿದರು. ಕಂಡಕ್ಟರ್ “ಚಿಲ್ರಿ ಇಲ್ಲ ಅಂದ್ರ ಸ್ಕ್ಯಾನ್ ಮಾಡ್ರಿ” ಅಂದ. ಅಲ್ಲಿಗೆ ಕಟ್ಟೆ ಒಡೆಯಿತು. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದು ಅವರಿಗೆ ಮನೆಯೊಳಗಿನ ಸಾವಿನಷ್ಟೇ ನೋವು. ಕೊಲ್ಹಾರದ ಸೇತುವೆ ಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ತೋರಿಸಿ, “ನಾ ಟಪಾಲ ಹಂಚಿದ ಓಣಿನೂ ಹಿಂಗ ನೀರಾಗ ಹೋದ್ವು, ಈಗ ಟಪಾಲನೂ ಹೊಂಟೈತಿ” ಅಂದರಂತೆ. ಹಳೇ ಬಾಗಲಕೋಟೆಯ ಮುಳುಗಡೆ ಕಂಡವರ ಮಾತು ಅದು.

ಸುನಂದಾಗೆ ಕನಿಕರ. ಮುಖ ತೋರಿಸಿಯೂ ಪ್ರಮಾಣಪತ್ರ ಮಾಡಬಹುದು ಅಂತ ಅವರಿಗೆ ಗೊತ್ತಿತ್ತು. “ಕೊಡ್ರಿ ಇಲ್ಲಿ, ಎರಡ ನಿಮಿಷ” ಅಂತ ಅಜ್ಜನ ಕೈಯಿಂದ ಫೋನ್ ತಗೊಂಡರು. ಅಜ್ಜ ಕಿತ್ತುಕೊಂಡು, “ನಾ ಜೀವಂತ ಅದೀನಿ ಅಂತ ನೀ ಹೇಳಾಕಿ ಏನ?” ಅಂದರು. ಅಜ್ಜಿ ನಕ್ಕುಬಿಟ್ಟರು. “ಬಿಡವ್ವ, ಮನ್ಯಾಗೂ ಹಿಂಗ.”

“ಸಹಾಯ ಮಾಡಾಕ ಹೋಗಿ ಬೈಸಿಕೊಂಡೆ” ಅಂತ ಸುನಂದಾಗೆ ಬೇಜಾರು. ತಂದೆ ಗ್ಯಾಸ್ ಬುಕ್ ಮಾಡಲು ಕೇಳಿದರೆ ಏನು ಹೇಳುತ್ತೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅಂದರು: “ಬಿಡಪ್ಪಾ, ನಾನ ಮಾಡ್ತೀನಿ.”

ನನ್ನ ಲೆಕ್ಕದಲ್ಲಿ ಜಗಳದ ಬೇರು ಅಲ್ಲಿದೆ. ಅಜ್ಜನಿಗೆ ಯಂತ್ರದ ಮೇಲಿನ ಸಿಟ್ಟಿಗಿಂತ, ನಿನ್ನೆವರೆಗೆ ಊರ ಮಂದಿಗೆ ಪತ್ರ ಓದಿ ಹೇಳುತ್ತಿದ್ದ ತಾನು ಇವತ್ತು ಯಾರದೋ ಕೈ ಕಾಯಬೇಕಲ್ಲ ಅನ್ನುವ ಸಂಕಟ ಜಾಸ್ತಿ. ನಾವು ಬೇಗ ಮುಗಿಸಿ ಕೊಟ್ಟಷ್ಟೂ ಅದು ಹೆಚ್ಚುತ್ತದೆ.

ಸುನಂದಾಗೆ ಹೇಳಿದ್ದು ಇಷ್ಟು. ಫೋನ್ ತಂದೆಯ ಕೈಯಲ್ಲೇ ಇರಲಿ, ನಿಮ್ಮ ಬಾಯಿ ಮಾತ್ರ ಆಡಲಿ. ಒಂದು ಸಲಕ್ಕೆ ಒಂದೇ ಕೆಲಸ, ಅವರದೇ ಅಕ್ಷರದಲ್ಲಿ ವಹಿಯಲ್ಲಿ ಬರೆದುಕೊಳ್ಳಲಿ. ಪಿನ್ ಮಾತ್ರ ಬರೆಯುವುದು ಬೇಡ, ಓಟಿಪಿ ಯಾರಿಗೂ ಹೇಳುವುದು ಬೇಡ. ಯಾವುದನ್ನು ಕಲಿಯಬೇಕು, ಯಾವುದನ್ನು ಮಗಳಿಗೆ ಬಿಡಬೇಕು ಅಂತ ಅವರೇ ತೀರ್ಮಾನ ಮಾಡಲಿ. ಹಳೇ ದಾರಿ ಇನ್ನೂ ತೆರೆದಿದ್ದರೆ ಅದರಲ್ಲೇ ಹೋಗಲು ಬಿಡಿ. ಬೆರಳ ಗೆರೆ ವಯಸ್ಸಿಗೆ ಸವೆಯುತ್ತದೆ, ಅದು ಯಾರ ತಪ್ಪೂ ಅಲ್ಲ. ಆ ಅಜ್ಜನಂಥವರು ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ ಕಾಗದದ ಮೇಲೆ ಸಹಿ ಮಾಡಿಯೂ ಪ್ರಮಾಣಪತ್ರ ಕೊಡಬಹುದು. ಕೇಂದ್ರ ಸರ್ಕಾರದ ಪಿಂಚಣಿಯಾದರೆ 80 ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ. ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೇವೆಯೂ ಇದೆ. ಆ ಅಜ್ಜನ ಮನೆಗೆ ಪೋಸ್ಟ್‌ಮನ್ ಬಂದರೆ ಚಹಾ ಕುಡಿಸದೆ ಬಿಟ್ಟಾರೇ!

ಮೊದಲು ಕಣ್ಣು, ಕಿವಿ ತೋರಿಸಿ ಅಂತಲೂ ಹೇಳಿದೆ. ಎಷ್ಟೋ ಸಲ ಹಠ ಅಂದುಕೊಂಡದ್ದು ಪೊರೆ ಬಂದ ಕಣ್ಣಾಗಿರುತ್ತದೆ. ಗೊತ್ತಿರುವ ದಾರಿ ತಪ್ಪುವುದು, ಹಣದ ಲೆಕ್ಕ ಮರೆಯುವುದು ಕಂಡರೆ ವೈದ್ಯರ ಹತ್ತಿರ ಹೋಗಬೇಕು. ಎರಡು ವಾರ ಊಟ, ನಿದ್ದೆ, ಮಾತು ಎಲ್ಲ ಕಮ್ಮಿಯಾಗಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯರ ಸಹಾಯವಾಣಿ 14567.

ಅಜ್ಜನನ್ನು ಹುಡುಕಿ ಕ್ಷಮೆ ಕೇಳಲೇ ಅಂತ ಸುನಂದಾ ಕೇಳಿದರು. ಬೇಡ, ಅವರು ಇಳಿಯುವಷ್ಟರಲ್ಲೇ ಮರೆತಿರಬಹುದು ಅಂದೆ.

ತಂದೆ ಈಗ ಗ್ಯಾಸ್ ತಾವೇ ಬುಕ್ ಮಾಡುತ್ತಾರೆ. ಯುಪಿಐ ಬೇಡವೇ ಬೇಡ ಅಂದಿದ್ದಾರೆ, ಅದನ್ನು ಮಗಳು ಒಪ್ಪಿಕೊಂಡಿದ್ದಾರೆ. ಕಿವಿಯ ಮಷಿನ್ ವಿಷಯದಲ್ಲಿ ಮಾತ್ರ ಇಬ್ಬರೂ ಪಟ್ಟು ಬಿಟ್ಟಿಲ್ಲ. ಮುಂದಿನ ಸಲ ತಂದೆಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.